ಮೂಕವಾದ ಟೂ-ಇನ್-ಒನ್: ಎಸೆಯುವ ಮುನ್ನ ಎರಡು ಮಾತು

ಮುಂಬಯಿಯ ಹೋಟೆಲುಗಳ ಮಾಳಿಗೆಯ ಕೋಣೆಗಳಲ್ಲಿ ವಾಸಮಾಡಿದ ನಮ್ಮವರಿಗೆ ಟೂ-ಇನ್-ಒನ್ ಎಂಬ ಯಂತ್ರದ ಪರಿಚಯವನ್ನು ಮಾಡಿಕೊಡಬೇಕಾದ ಅಗತ್ಯವಿಲ್ಲ. ರೇಡಿಯೊವನ್ನೂ ಕ್ಯಾಸೆಟ್ಟನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಗಿಸಿಕೊಂಡು, ಎಡಬಲಗಳಲ್ಲಿ ಎರಡು ಸ್ಪೀಕರುಗಳನ್ನೂ ಮೇಲೊಂದು ಹಿಡಿಕೆಯನ್ನೂ ಹೊಂದಿದ್ದ ಈ ಸ್ಟೀರಿಯೊ ಯಂತ್ರವು 1980ರ ದಶಕದಲ್ಲಿ ಅನೇಕ ದುಡಿಮೆಗಾರರ ಮೊದಲ ಆಸ್ತಿಯಾಗಿತ್ತು. ಇಂದು ಅವುಗಳಲ್ಲಿ ಹೆಚ್ಚಿನವು ಅಟ್ಟವನ್ನು ಸೇರಿವೆ. ಕೆಲವು ಗುಜರಿಯವರ ಪಾಲಾಗಿವೆ.

ಅಂತಹ ಒಂದು ಯಂತ್ರವನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಓರ್ವ ಸಜ್ಜನರು ಇತ್ತೀಚೆಗೆ ನಮ್ಮ ಕಾರ್ಯಾಲಯಕ್ಕೆ ಬಂದರು. ಕುಂದಾಪುರದ ಕಡೆಯವರು, ಬಾಲ್ಯದಲ್ಲಿಯೇ ಇಲ್ಲಿಗೆ ಬಂದು ಲೋಟ ತೊಳೆಯುವಲ್ಲಿಂದ ತೊಡಗಿ ಈಗ ಗಲ್ಲಾದಲ್ಲಿ ಕುಳಿತಿದ್ದಾರೆ. ಯಂತ್ರದ ಜೊತೆಯಲ್ಲಿ ಒಂದು ಕ್ಯಾಸೆಟ್ಟೂ ಇತ್ತು. ಅದು ಹಾಡಿನದಲ್ಲ. 1988ರಲ್ಲಿ, ಓದುಬರಹವಿಲ್ಲದ ಅವರ ತಾಯಿ ನೆರೆಮನೆಯವರ ಟೇಪ್ ರೆಕಾರ್ಡರಿನ ಮುಂದೆ ಕುಳಿತು ಮಾತನಾಡಿ ಕಳುಹಿಸಿದ ಕಾಗದವದು. ತಾಯಿ ಈಗಿಲ್ಲ. ಯಂತ್ರದ ಎಡ ಸ್ಪೀಕರು ಮೂಕವಾಗಿತ್ತು. ಬಲದಲ್ಲಿ ಗರಗರ ಸದ್ದು. ಅಂಗಡಿಯೊಂದರಲ್ಲಿ, “ಐ.ಸಿ. ಸುಟ್ಟಿದೆ, ಬಿಡಿಭಾಗ ದೊರೆಯದು, ಎಸೆಯಿರಿ” ಎಂದಿದ್ದರಂತೆ. “ಸ್ವಾಮೀ, ಪೆಟ್ಟಿಗೆ ಹೋದರೆ ಹೋಗಲಿ, ಅಮ್ಮನ ಸ್ವರ ಹೋಗಬಾರದು” ಎಂದರು ಅವರು.

ನಾವು ಅವರನ್ನು ಕರೆದುಕೊಂಡು ಲ್ಯಾಮಿಂಗ್ಟನ್ ರಸ್ತೆಯ ಬಳಿ ಇರುವ, ನಮಗೆ ಪರಿಚಿತರಾದ ವೃದ್ಧ ರಿಪೇರಿಗಾರರಲ್ಲಿಗೆ ಹೋದೆವು. ಅಲ್ಲಿ ಕಂಡುದನ್ನು ವಾಚಕರ ಉಪಯೋಗಕ್ಕಾಗಿ ಬರೆಯುತ್ತಿದ್ದೇವೆ.

ಹೋಟೆಲಿನ ಮೇಲಂತಸ್ತಿನ ನಲ್ಲಿಯಲ್ಲಿ ನೀರು ಬಾರದಿದ್ದರೆ ಬಾವಿಯೇ ಬತ್ತಿತೆಂದು ಯಾರೂ ಹೇಳುವುದಿಲ್ಲ. ಮೊದಲು ಟಾಂಕಿಯಲ್ಲಿ ನೀರಿದೆಯೇ ಎಂದು ನೋಡುತ್ತೇವೆ. ಇದ್ದರೆ ತೊಡಕು ಟಾಂಕಿಯಿಂದ ಈಚೆಗೆ, ಇಲ್ಲದಿದ್ದರೆ ಆಚೆಗೆ. ಧ್ವನಿಯನ್ನು ಹುಡುಕುವ ಕ್ರಮವೂ ಇದೇ ಆಗಿದೆ. ವೃದ್ಧರು ಮೂರು ಪರೀಕ್ಷೆಗಳನ್ನು ಮಾಡಿದರು.

ಮೊದಲನೆಯದಾಗಿ, ರೇಡಿಯೊ ಹಾಕಿ ನೋಡಿದರು. ರೇಡಿಯೊದಲ್ಲಿಯೂ ಎಡಭಾಗ ಮೂಕ. ಕ್ಯಾಸೆಟ್ಟಿನಲ್ಲಿ ಮಾತ್ರ ಒಂದು ಭಾಗ ಮೂಕವಾಗಿದ್ದರೆ ದೋಷವು ಟೇಪನ್ನು ಓದುವ ಹೆಡ್ಡಿನಲ್ಲಿಯೋ ಅದರ ಸಣ್ಣ ತಂತಿಗಳಲ್ಲಿಯೋ ರೆಕಾರ್ಡ್-ಪ್ಲೇ ಸ್ವಿಚ್ಚಿನಲ್ಲಿಯೋ ಇರತಕ್ಕದ್ದು. ಎರಡರಲ್ಲಿಯೂ ಮೂಕವಾದುದರಿಂದ ಅದು ಮುಂದಿನ ಹಾದಿಯಲ್ಲಿದೆಯೆಂದಾಯಿತು.

ಎರಡನೆಯದಾಗಿ, ಇಯರ್‌ಫೋನ್ ಚುಚ್ಚಿದರು. ಎರಡೂ ಕಿವಿಗಳಲ್ಲಿ ಧ್ವನಿ ಬಂದಿತು! ಅಂದಮೇಲೆ ಧ್ವನಿಯನ್ನು ದೊಡ್ಡದು ಮಾಡುವ ಐ.ಸಿ. ಸುಟ್ಟಿರಲಿಲ್ಲ; ಅದು ಸುಸ್ಥಿತಿಯಲ್ಲಿಯೇ ಇತ್ತು.

ಮೂರನೆಯ ಪರೀಕ್ಷೆಗೆ ಹಿಂಬದಿಯನ್ನು ಬಿಚ್ಚಿ, ಎಡ ಸ್ಪೀಕರಿನ ಒಂದು ತಂತಿಯನ್ನು ಬಿಡಿಸಿ, ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರು. ‘ಟಕ್’ ಎಂದಿತು. ಸ್ಪೀಕರೂ ಜೀವಂತವಾಗಿತ್ತು.

ಹಾಗಾದರೆ ಉಳಿದುದು ಯಾವುದು? ಇಯರ್‌ಫೋನ್ ಚುಚ್ಚುವ ತೂತೇ! ಈ ತೂತಿನೊಳಗೆ ಸಣ್ಣ ಲೋಹದ ಪಟ್ಟಿಗಳಿವೆ. ಪಿನ್ನು ಒಳಹೊಕ್ಕಾಗ ಅವು ಬೇರ್ಪಟ್ಟು ಸ್ಪೀಕರನ್ನು ನಿಲ್ಲಿಸುತ್ತವೆ. ಪಿನ್ನು ತೆಗೆದಾಗ ಪುನಃ ಕೂಡಬೇಕು. ಕಡಲತೀರದ ತೇವದಿಂದ ಎಡಪಟ್ಟಿಗೆ ಕಿಲುಬು ಹಿಡಿದು ಅದು ಕೂಡುತ್ತಿರಲಿಲ್ಲ. ವೃದ್ಧರು ಕಾಂಟ್ಯಾಕ್ಟ್ ಕ್ಲೀನರನ್ನು ಒಂದಿಷ್ಟು ಸಿಂಪಡಿಸಿ ಪಿನ್ನನ್ನು ಇಪ್ಪತ್ತು ಬಾರಿ ಹಾಕಿ ತೆಗೆದರು. ತಂತಿಯನ್ನು ಬೆಸೆದು ರೇಡಿಯೊ ಹಾಕಿದಾಗ ಎಡಭಾಗವು ಮಾತನಾಡಿತು.

ಗರಗರ ಸದ್ದಿಗೆ ಕಾರಣವು ವಾಲ್ಯೂಮ್ ಗುಂಡಿಯೊಳಗಿನ ಇಂಗಾಲದ ಪಟ್ಟಿಯ ಮೇಲೆ ಕುಳಿತ ಧೂಳು. ಅಲ್ಲಿಗೂ ಅದೇ ಔಷಧ. ಗುಂಡಿಯನ್ನು ಆ ಕೊನೆಯಿಂದ ಈ ಕೊನೆಗೆ ಹತ್ತಾರು ಬಾರಿ ತಿರುಗಿಸಿದುದರಿಂದ ಸದ್ದು ಅಡಗಿತು. ಕೆಲವರು ಇಲ್ಲಿಗೆ ಕೊಬ್ಬರಿ ಎಣ್ಣೆಯನ್ನೋ ಮೆಷಿನ್ ಎಣ್ಣೆಯನ್ನೋ ಬಿಡುವುದುಂಟು. ಅದು ಧೂಳನ್ನು ಮತ್ತಷ್ಟು ಅಂಟಿಸಿಕೊಳ್ಳುವುದರಿಂದ ಸರ್ವಥಾ ಕೂಡದು.

ಸಜ್ಜನರು ಆತುರದಿಂದ ತಾಯಿಯ ಕ್ಯಾಸೆಟ್ಟನ್ನು ಮುಂದೆ ಹಿಡಿದರು. ವೃದ್ಧರು ಕೈಯಡ್ಡ ಹಿಡಿದು, “ಈಗಲೇ ಬೇಡ” ಎಂದರು. 1963ರಲ್ಲಿ ಫಿಲಿಪ್ಸ್ ಕಂಪೆನಿಯು ಹೊರತಂದ ಈ ಬಗೆಯ ಕ್ಯಾಸೆಟ್ಟಿನೊಳಗಿನ ಟೇಪಿನ ಅಗಲ 3.81 ಮಿಲಿಮೀಟರು ಮಾತ್ರ. ಅದು ಸೆಕೆಂಡಿಗೆ 4.76 ಸೆಂಟಿಮೀಟರು ವೇಗದಲ್ಲಿ ಹೆಡ್ಡನ್ನು ಸವರಿಕೊಂಡು ಓಡುತ್ತದೆ. ಅಷ್ಟು ಅಗಲದಲ್ಲಿಯೇ ಎರಡು ಮಗ್ಗುಲುಗಳ ಧ್ವನಿಯೂ ಅಡಕವಾಗಿದೆ. ಆದುದರಿಂದ ಹೆಡ್ಡಿನ ಮೇಲಣ ತುಸು ಕೊಳೆಯೂ ಧ್ವನಿಯನ್ನು ಮಂಕಾಗಿಸಬಲ್ಲುದು. ರಬ್ಬರಿನ ಉರುಳೆಯು ಅಂಟಾಗಿದ್ದರೆ ಟೇಪನ್ನೇ ನುಂಗಬಲ್ಲುದು. ಮೊದಲು ಬೇಡದ ಕ್ಯಾಸೆಟ್ಟೊಂದನ್ನು ಹಾಕಿ ನೋಡಿದಾಗ ಹಾಡು ಕಂಬಳಿ ಹೊದ್ದು ಹಾಡಿದಂತೆ ಕೇಳಿಸಿತು. ಹೆಡ್ಡಿನ ಮೇಲಿದ್ದ ಕಂದುಬಣ್ಣದ ಕೊಳೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಒರೆಸಿ ತೆಗೆದ ಬಳಿಕ ಅದು ಸ್ಪಷ್ಟವಾಯಿತು.

ತಾಯಿಯ ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಎಸಳುಗಳು ಹಾಗೆಯೇ ಇದ್ದವು. ಅವು ಇರುವ ತನಕ ಅಕಸ್ಮಾತ್ ರೆಕಾರ್ಡ್ ಗುಂಡಿ ಒತ್ತಿದರೆ ಹಳೆಯದು ಅಳಿಸಿಹೋಗುತ್ತದೆ. ಆ ಎರಡನ್ನೂ ಮುರಿದು, ಅನಂತರವೇ ಅದನ್ನು ಯಂತ್ರದಲ್ಲಿಟ್ಟರು.

ಮೊದಲು ನಾಯಿ ಬೊಗಳುವ ಸದ್ದು. ಬಳಿಕ ತಾಯಿಯ ಸ್ವರ. ಮಳೆ ಹಿಡಿದ ಸುದ್ದಿ, ಹಸು ಕರು ಹಾಕಿದ ಸುದ್ದಿ, ಹೊತ್ತಿಗೆ ಸರಿಯಾಗಿ ಉಣ್ಣು ಎಂಬ ಬುದ್ಧಿಮಾತು. ದಿನಕ್ಕೆ ನೂರಾರು ಜನರಿಗೆ ಉಣಬಡಿಸುವ ಹೋಟೆಲಿನ ಆ ಗಲ್ಲಾದವರು ಮುಖ ತಿರುಗಿಸಿಕೊಂಡರು. ನಾವೂ ಮಾತನಾಡಲಿಲ್ಲ.

ಆ ದಿನವೇ ಇಯರ್‌ಫೋನಿನ ತೂತಿನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು ಧ್ವನಿಯ ಪ್ರತಿಯನ್ನು ತೆಗೆದುಕೊಂಡೆವು. ಒಂದು ಪ್ರತಿ ಅವರ ಮೊಬೈಲಿನಲ್ಲಿ, ಇನ್ನೊಂದು ಊರಿನ ತಂಗಿಯ ಬಳಿ ಇದೆ.

ನಮ್ಮ ವಾಚಕರಲ್ಲಿ ಅನೇಕರ ಟ್ರಂಕುಗಳಲ್ಲಿ ಇಂತಹ ಕ್ಯಾಸೆಟ್ಟುಗಳು ಇರಬಹುದು. ಅವರಲ್ಲಿ ನಮ್ಮ ಅರಿಕೆ ಇಷ್ಟೇ: ಯಂತ್ರದೊಳಗೆ ಕರೆಂಟಿನ ಅಪಾಯವಿರುವುದರಿಂದ ಪ್ಲಗ್ಗನ್ನು ಕಿತ್ತಲ್ಲದೆ ಬಿಚ್ಚಬೇಡಿ, ಪರೀಕ್ಷೆಯನ್ನು ಸೆಲ್ಲಿನ ಮೇಲೆ ಮಾಡಿರಿ, ಕೆಲಸ ಮುಗಿದ ಬಳಿಕ ಸೆಲ್ಲುಗಳನ್ನು ಒಳಗೆ ಬಿಡಬೇಡಿ, ಅವು ಸೋರಿ ಲೋಹವನ್ನು ತಿನ್ನುತ್ತವೆ. ಯಾರಾದರೂ ‘ಎಸೆಯಿರಿ’ ಎಂದರೆ, ಧ್ವನಿಯು ಎಲ್ಲಿಯ ತನಕ ಬರುತ್ತಿದೆ, ಎಲ್ಲಿ ನಿಂತಿದೆ ಎಂದು ಅವರನ್ನು ಕೇಳಿರಿ. ಉತ್ತರ ಹೇಳಲಾರದವರ ಮಾತಿಗೆ ತಾಯಿಯ ಸ್ವರವನ್ನು ಒಪ್ಪಿಸಬೇಡಿ.