ಎಳೆಯ ಕೈಗಳಿಗೆ ದಸರೆಯ ರಜೆ

ದಸರೆಯ ರಜೆ ಬಂತೆಂದರೆ ಶಿಶುವಿಹಾರದ ಬಾಗಿಲು ಮುಚ್ಚುತ್ತದೆ, ಮನೆಯ ಅಟ್ಟದ ಬಾಗಿಲು ತೆರೆಯುತ್ತದೆ. ಗೊಂಬೆಗಳ ಪೆಟ್ಟಿಗೆ ಕೆಳಗಿಳಿಯುತ್ತಿದ್ದಂತೆ ನಾಲ್ಕು ವರ್ಷದ ಪುಟಾಣಿ ಓಡಿಬಂದು ಕೈಚಾಚುತ್ತದೆ. ಆಗ ಹಿರಿಯರ ಬಾಯಿಂದ ಬರುವ ಮೊದಲ ಮಾತು: “ಮುಟ್ಟಬೇಡ, ಒಡೆದೀತು!” ಎರಡನೆಯ ಮಾತು: “ಹೋಗು, ಸ್ಲೇಟು ತಂದು ಅ ಆ ತಿದ್ದು.” ಅದಕ್ಕೂ ಕೂಸು ಒಲ್ಲೆನೆಂದರೆ ಕೊನೆಗೆ ಮೊಬೈಲು ಅದರ ಕೈಸೇರುತ್ತದೆ. ಮನೆಯೇನೋ ಶಾಂತವಾಗುತ್ತದೆ, ಆದರೆ ಮಗುವಿನ ರಜೆ ಅಲ್ಲಿಗೆ ಮುಗಿದಂತೆಯೇ ಸರಿ.

ಎಳೆಯ ಮಗುವಿಗೆ ಕೈಯೇ ಮೊದಲ ಗುರು. ಇಟಲಿಯ ವೈದ್ಯೆ ಡಾ. ಮಾರಿಯಾ ಮಾಂಟೆಸೊರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಭಾರತದ ಉಪಾಧ್ಯಾಯರಿಗೆ ಶಿಕ್ಷಣ ನೀಡಿದರು. ಅವರ ಪದ್ಧತಿಯಲ್ಲಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿಯುವುದು, ಗುಂಡಿ ಹಾಕುವುದು, ಕಸ ಗುಡಿಸುವುದು ಇವೆಲ್ಲವೂ ಪಾಠಗಳೇ. ನೀರು ಚೆಲ್ಲಿದರೆ ಮಗುವಿಗೆ ತನ್ನ ತಪ್ಪು ತಾನೇ ತಿಳಿಯುತ್ತದೆ, ಗದರಿಸುವವರು ಬೇಕಾಗಿಲ್ಲ. ಮುಂದೆ ಬಳಪ ಹಿಡಿಯಬೇಕಾದ ಬೆರಳುಗಳು ಹದಗೊಳ್ಳುವುದೂ ಇಂಥ ಕೆಲಸಗಳಿಂದಲೇ. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಓಡಾಡಿಕೊಂಡಿರಬೇಕು, ಕುಳಿತು ಪರದೆ ನೋಡುವುದು 1 ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಇದಕ್ಕಾಗಿ ಬೆಲೆಬಾಳುವ ಆಟಿಕೆ ಬೇಕಿಲ್ಲ. ದಸರೆಯ ಮನೆಯೇ ಸಾಕು. ಮಣ್ಣಿನ ಗೊಂಬೆಗಳನ್ನು ಹಿರಿಯರು ಇರಿಸಲಿ, ಮರದ ಗೊಂಬೆಗಳನ್ನು ಮಗುವಿಗೆ ಬಿಡಲಿ. ಅದು ಧೂಳು ಒರೆಸಲಿ, ದೊಡ್ಡದು ಚಿಕ್ಕದು ಎಂದು ವಿಂಗಡಿಸಲಿ, ಮೆಟ್ಟಿಲುಗಳನ್ನು ಮುಟ್ಟಿ ಮುಟ್ಟಿ ಎಣಿಸಲಿ. ಹೆಸರುಕಾಳನ್ನು ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂತೇ ಎಂದು ಮರುದಿನ ಬಿಚ್ಚಿ ನೋಡುವ ಕೌತುಕವೂ ಅದಕ್ಕಿರಲಿ. ಗೊಂಬೆ ನೋಡಲು ಬಂದ ನೆರೆಮನೆಯ ಮಕ್ಕಳಿಗೆ ಎಲೆಯ ಮೇಲೆ ತಿಂಡಿಯಿಡುವ ಕೆಲಸವನ್ನು ಕೊಟ್ಟರೆ ತಲೆಗೊಂದರಂತೆ ಹಂಚುವ ಲೆಕ್ಕ ತಾನಾಗಿ ಬರುತ್ತದೆ.

ಶಿವಮೊಗ್ಗದ ಮಕ್ಕಳಿಗೆ ಇನ್ನೊಂದು ಭಾಗ್ಯವುಂಟು. ತುಂಗೆಯ ಹಿನ್ನೀರಿನ ದಂಡೆಯಲ್ಲಿರುವ ಸಕ್ರೆಬೈಲಿನ ಬಿಡಾರಕ್ಕೆ ಒಂದು ಬೆಳಿಗ್ಗೆ ಕರೆದೊಯ್ದರೆ ಆನೆಗಳು ನೀರಿಗಿಳಿದು ಮೀಯುವುದನ್ನು ಕಣ್ಣಾರೆ ನೋಡಬಹುದು. ಮನೆಗೆ ಬಂದೊಡನೆ ಒಂದು ಮುದ್ದೆ ಜೇಡಿಮಣ್ಣು ಕೊಡಬೇಕು. ಮಗು ಮಾಡಿದ ಆನೆಗೆ ಮೂರೇ ಕಾಲಿದ್ದರೂ ಚಿಂತೆಯಿಲ್ಲ. ಅದು ನಿಲ್ಲದೆ ಉರುಳಿಬಿದ್ದಾಗ ನಾಲ್ಕನೆಯ ಕಾಲಿನ ಅಗತ್ಯ ಮಗುವಿಗೇ ಹೊಳೆಯುತ್ತದೆ. ಇನ್ನು ಅಡಿಕೆಯ ಹಾಳೆ. ತುದಿಯನ್ನು ಒಬ್ಬರು ಹಿಡಿದೆಳೆದರೆ ಮೇಲೆ ಕುಳಿತವರಿಗೆ ರಥೋತ್ಸವ! ಮಲೆನಾಡಿನ ಎಷ್ಟೋ ತಲೆಮಾರುಗಳು ಆಡಿದ ಈ ಆಟಕ್ಕೆ ಕಾಸಿನ ಖರ್ಚೂ ಇಲ್ಲ.

ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಯದು ಬೇರೊಂದು ಸೊಗಸು. ಅದು ಕಬ್ಬಿಣ ಮತ್ತು ಕಾಗದದಿಂದ ಬೆಳೆದ ಊರು. ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯ ಯಂತ್ರಗಳು ಈಗ ನಿಂತಿವೆ. ತಾತ ದುಡಿದ ಕಾರ್ಖಾನೆಯ ಕಥೆಯನ್ನು ಮೊಮ್ಮಗುವಿಗೆ ಹೇಳುವುದಾದರೆ ಕೈಗೇ ಹೇಳಬೇಕು. ಹಳೆಯ ನೋಟುಪುಸ್ತಕದ ಹಾಳೆಗಳನ್ನು ಮಗು ಹರಿಯಲಿ. ಹರಿಯುವುದೂ ಬೆರಳಿಗೆ ಒಳ್ಳೆಯ ವ್ಯಾಯಾಮವೇ. ರಾತ್ರಿಯೆಲ್ಲ ನೆನೆದ ಚೂರುಗಳನ್ನು ಹಿರಿಯರು ಕುಟ್ಟಿ, ಮೆಂತ್ಯದ ಹಿಟ್ಟು ಬೆರೆಸಿಕೊಟ್ಟರೆ ಮಗು ಅದನ್ನು ನಾದಿ, ಬೋರಲು ಹಾಕಿದ ಬಟ್ಟಲಿನ ಮೇಲೆ ಮೆತ್ತಿ ಒಣಗಿಸಬಹುದು. ಅಜ್ಜಿಯರು ಹೀಗೆಯೇ ಬುಟ್ಟಿ ಮಾಡುತ್ತಿದ್ದರು. ಕಬ್ಬಿಣದ ಪರಿಚಯಕ್ಕೆ ಒಂದು ದೊಡ್ಡ ಅಯಸ್ಕಾಂತ ಸಾಕು: ಬಾಣಲೆಗೆ ಅಂಟಿತು, ಹಿತ್ತಾಳೆಯ ತಂಬಿಗೆಗೆ ಅಂಟಲಿಲ್ಲ, ಮರದ ಮಣೆಗೂ ಇಲ್ಲ. “ಯಾಕೆ?” ಎಂದು ಮಗು ಕೇಳಿದರೆ ಅಂದಿನ ಪಾಠ ಸಾರ್ಥಕ.

ಎಚ್ಚರವೂ ಬೇಕು. ಗುಲಗಂಜಿ ನೋಡಲು ಅಂದ, ಆದರೆ ಅಗಿದು ನುಂಗಿದರೆ ಪ್ರಾಣಾಪಾಯದ ವಿಷ. ಅಳಗುಳಿ ಮಣೆಯ ಆಟಕ್ಕೂ ಅದನ್ನು ಮಕ್ಕಳಿಗೆ ಕೊಡಬಾರದು. ಹುಣಸೆಬೀಜ, ಮಣಿ, ಕಡಲೆಕಾಳು ಉಸಿರುನಾಳಕ್ಕೆ ಸಿಕ್ಕಿಕೊಳ್ಳಬಹುದು. ಗುಂಡಿಯಷ್ಟು ಚಿಕ್ಕ ಅಯಸ್ಕಾಂತಗಳನ್ನು ನುಂಗಿದರೆ ಕರುಳಿಗೇ ಅಪಾಯ. ಹೊಳೆಯ ದಂಡೆಯಲ್ಲಿ ಮಗುವಿನ ಕೈಯನ್ನು ಕ್ಷಣಮಾತ್ರವೂ ಬಿಡಬಾರದು.

ಇವೆಲ್ಲಕ್ಕಿಂತ ಕಠಿಣವಾದದ್ದು ಹಿರಿಯರು ತಮ್ಮ ಕೈಯನ್ನು ಹಿಂದಕ್ಕೆ ಹಿಡಿದುಕೊಳ್ಳುವುದು. ಸೊಟ್ಟಗಿದೆಯೆಂದು ತಾಯಿ ಆನೆಯ ಸೊಂಡಿಲನ್ನು ತಿದ್ದಿದಳೆನ್ನೋಣ. ಆನೆ ಚೆಂದವಾಗುತ್ತದೆ, ಆದರೆ ಅದು ಮಗುವಿನ ಆನೆಯಾಗಿ ಉಳಿಯುವುದಿಲ್ಲ. ಅಂಥ ಎರಡು ಅನುಭವವಾದರೆ ಮೂರನೆಯ ಸಲ “ನೀನೇ ಮಾಡಿಕೊಡು” ಎಂದು ಮಗು ಕೈಚೆಲ್ಲುತ್ತದೆ. ಆ ಮಾತು ಅದರ ಬಾಯಿಂದ ಬರದಂತೆ ನೋಡಿಕೊಳ್ಳುವುದೇ ತಾಯ್ತಂದೆಗಳ ನಿಜವಾದ ಕೆಲಸ.

ವಿಜಯದಶಮಿಯಂದು ಅನೇಕ ಮನೆಗಳಲ್ಲಿ ಅಕ್ಷರಾಭ್ಯಾಸ ನಡೆಯುತ್ತದೆ. ಅಂದು ಮಗುವಿನ ಮುಂದಿರುವುದು ಕಾಗದವಲ್ಲ, ಒಂದು ತಟ್ಟೆ ಅಕ್ಕಿ, ಬರೆಯುವುದು ಬೆರಳು. ಒಂಬತ್ತು ದಿನ ಮಣ್ಣು ಕಲಸಿ, ಕಾಗದ ನಾದಿ, ಗೊಂಬೆ ಜೋಡಿಸಿದ ಬೆರಳು ಅಕ್ಕಿಯ ಮೇಲೆ ಅಳುಕದೆ ಓಡುತ್ತದೆ. ಅಕ್ಷರ ಸೊಟ್ಟಗಿದ್ದರೆ ಇರಲಿ. ಅದು ಅದರದೇ ಅಕ್ಷರ.