ಬಲ್ಮಠ: ಗುರುವೇ ಮೊದಲು ಕಲಿಯಲು ಕೂತ ಶಾಲೆ

ಮಂಗಳೂರಿನ ಹಂಪನಕಟ್ಟೆಯಿಂದ ಜ್ಯೋತಿ ವೃತ್ತದ ಕಡೆಗೆ ಏರು ಹತ್ತುತ್ತ ಹೋದರೆ ಬಲ್ಮಠದ ಗುಡ್ಡ. ಬಸ್ಸಿನಲ್ಲಿ ಹೋದರೆ ಹೆಚ್ಚು ಹೊತ್ತು ಬೇಡ. ನಾನು ಬೇಕೆಂದೇ ನಡೆದೆ. ಶಾಲೆಯಲ್ಲಿ ಮಕ್ಕಳಿಗೆ ನಂಬಿಕೆಯನ್ನು ಕಲಿಸುವುದು ಹೇಗೆ ಎಂಬ ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿತ್ತು. ಆ ಪ್ರಶ್ನೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಹಿಡಿದು ಕೂತವರ ಜಾಗ ಇದು.

ಗೇಟಿನೊಳಗೆ ಕಾಲಿಟ್ಟರೆ ಮುರಕಲ್ಲಿನ ಗೋಡೆ, ಹಂಚಿನ ಮಾಡು, ಹಳೆಯ ಮರಗಳ ನೆರಳು. ಇಲ್ಲಿಯ ಶಾಂತಿ ಕೆಥೆಡ್ರಲ್ 1862ರದು. ಅದರ ಆಸುಪಾಸಿನಲ್ಲೇ ಕರ್ನಾಟಕ ಥಿಯಲಾಜಿಕಲ್ ಕಾಲೇಜು. ಅದರ ಬೇರು 1847ರಲ್ಲಿ ಆರಂಭವಾದ ಬಾಸೆಲ್ ಮಿಶನ್ನಿನ ಸೆಮಿನರಿಯಲ್ಲಿದೆ.

ಬಾಸೆಲ್ ಮಿಶನ್ ಲೂಥರನ್ ಮತ್ತು ರಿಫಾರ್ಮ್ಡ್ ಎರಡೂ ಪರಂಪರೆಯವರು ಸೇರಿ 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕಟ್ಟಿದ ಸಂಸ್ಥೆ. ಆದರೆ ನಮ್ಮ ಕಡೆಗೆ ಬಂದವರಲ್ಲಿ ಬಹಳ ಜನ ಜರ್ಮನಿಯ ಲೂಥರನ್ ಸೀಮೆಯಾದ ವ್ಯೂರ್ಟೆಂಬರ್ಗಿನವರು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಹರ್ಮನ್ ಮೊಗ್ಲಿಂಗ್ ಬಂದರು. ಟ್ಯೂಬಿಂಗನ್ನಿನಲ್ಲಿ ದೇವಶಾಸ್ತ್ರ ಓದಿದ್ದ ಅವರಿಗೆ ಆಗ ಇಪ್ಪತ್ತೈದು ವರ್ಷ. ಕಲೆಕ್ಟರ್ ಬ್ಲೇರ್ ಕೊಟ್ಟ ಈ ಗುಡ್ಡದ ಜಾಗದಲ್ಲಿ ಹುಡುಗರನ್ನು ಜೊತೆಗಿಟ್ಟುಕೊಂಡು ಪಾಠ ನಡೆಸಿದರು.

ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಸಣ್ಣ ಪ್ರಶ್ನೋತ್ತರಿ ಮನೆಯ ಯಜಮಾನನಿಗಾಗಿ ಬರೆದದ್ದು. ಊಟದ ಮನೆಯಲ್ಲಿ ತಂದೆ ಕೇಳಬೇಕು, ಮಗು ಅರ್ಥ ಹೇಳಬೇಕು ಎಂಬುದು ಅದರ ಆಶಯ. ಬಲ್ಮಠದಲ್ಲಿ ಬೋರ್ಡಿಂಗ್ ಶಾಲೆಯೇ ಆ ಮನೆಯಾಯಿತು. ಬೆಳಗಿನ ಪ್ರಾರ್ಥನೆ, ಸತ್ಯವೇದದ ಓದು, ಪಾಠ, ಮೈಮುರಿಯುವ ಕೆಲಸ ಎಲ್ಲವೂ ಅಲ್ಲೇ. ಬಾಯಿಪಾಠ ಒಪ್ಪಿಸಿದವನಿಗೆ ನಂಬಿಕೆ ಬಂದಿದೆ ಎಂದು ಲೆಕ್ಕ ಹಾಕುವಂತಿಲ್ಲ. ಜೊತೆಯಲ್ಲಿ ಉಂಡು ಮಲಗಿ ಎದ್ದ ಗುರುವಿಗೆ ಮಾತ್ರ ಅದು ಗೊತ್ತಾಗುತ್ತದೆ. ಶಿಷ್ಯತ್ವ ಎಂಬ ಮಾತಿಗೆ ನಾನು ಕೊಡುವ ಅರ್ಥ ಇದೇ.

ಆದರೆ ಬಲ್ಮಠದ ದೊಡ್ಡತನ ಇನ್ನೊಂದು ಕಡೆ ಇದೆ. ಕಲಿಸಲು ಬಂದವರು ಮೊದಲು ಕಲಿಯಲು ಕೂತರು. ಮಾತಾಡುವಷ್ಟು ಕನ್ನಡ ಸಾಕು ಎಂದು ಅವರು ನಿಲ್ಲಿಸಲಿಲ್ಲ. ಮೊಗ್ಲಿಂಗ್ ತಾಳೆಗರಿ ಹುಡುಕಿಸಿದರು, ಪ್ರತಿ ಮಾಡಿಸಿದರು. ‘ಬಿಬ್ಲಿಯಾಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕ್ರಿಸ್ತನ ವಾರ್ತೆ ಸಾರಲು ಬಂದವರ ಅಚ್ಚುಕೂಟದಲ್ಲಿ ಹರಿದಾಸರ ಹಾಡು! ತನ್ನ ಶಿಷ್ಯ ಯಾವ ಮಾತಿನಲ್ಲಿ ಅಳುತ್ತಾನೆ, ಯಾವ ಮಾತಿನಲ್ಲಿ ಹಾಡುತ್ತಾನೆ ಎಂದು ತಿಳಿಯದವನು ಅವನ ದೇವರ ಬಗ್ಗೆ ಏನು ಮಾತಾಡಿಯಾನು?

1841ರಲ್ಲಿ ಶುರುವಾದ ಆ ಅಚ್ಚುಕೂಟದ ಮೊದಲ ಕೆಲಸ ಕಲ್ಲಚ್ಚಿನದು. ನುಣ್ಣಗೆ ಉಜ್ಜಿದ ಕಲ್ಲು, ಜಿಡ್ಡಿನ ಮಸಿ. ಕಲ್ಲಿನ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮೂಡಬೇಕು. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ ಮಸಿಯ ಉರುಳೆ ಎಳೆದರೆ ಮಸಿ ಜಿಡ್ಡಿರುವಲ್ಲಿ ಮಾತ್ರ ಹಿಡಿಯುತ್ತದೆ, ಉಳಿದಲ್ಲಿ ಜಾರುತ್ತದೆ. ಹಾಳೆ ಒತ್ತಿ ಎತ್ತಿದಾಗ ಕನ್ನಡ ನೆಟ್ಟಗೆ ನಿಲ್ಲುತ್ತದೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಬಂದದ್ದು ಹೀಗೆ. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ. ಕನ್ನಡದ ಮೊದಲ ಪತ್ರಿಕೆ.

ಹತ್ತು ವರ್ಷದ ಮೇಲೆ, 1853ರಲ್ಲಿ, ಫರ್ಡಿನಾಂಡ್ ಕಿಟ್ಟೆಲ್ ಇದೇ ಮಿಶನ್ನಿನಿಂದ ಬಂದರು. ಅವರ 1894ರ ನಿಘಂಟನ್ನು ಎಲ್ಲರೂ ಬಲ್ಲರು. ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ ಅವರ ‘ಕಥಾಮಾಲೆ’ಯನ್ನು ಬಲ್ಲವರು ಕಡಿಮೆ. ನನ್ನ ಮಟ್ಟಿಗೆ ಅದೂ ಅಷ್ಟೇ ದೊಡ್ಡ ಪಾಠ.

ಇಲ್ಲಿಯ ನೋವಿನ ಕಥೆಯನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. 1844ರ ಜನವರಿಯಲ್ಲಿ ಮಿಶನ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ಇಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದರು. ಊರು ಕುದಿಯಿತು. ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಆನಂದರಾವ್ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿ ಸೆಮಿನರಿಯಲ್ಲೇ ಪಾಠ ಹೇಳಿದರು. ಕೊಡಗಿನ ಆನಂದಪುರ ಅವರ ಹೆಸರು ಹೊತ್ತ ಊರು. ಆದರೆ ಅವರ ಕೈಹಿಡಿದ ಹೆಂಡತಿ ಅವರೊಂದಿಗೆ ಬರಲಿಲ್ಲ. ಒಬ್ಬನ ನಂಬಿಕೆಗೆ ಇಡೀ ಮನೆ ಎಷ್ಟು ಬೆಲೆ ತೆತ್ತಿತು ಎಂಬುದನ್ನು ಶಾಲೆ ನಡೆಸುವ ಯಾರೂ ಮರೆಯಬಾರದು. ಇಂದು ನಮ್ಮ ಸಂವಿಧಾನದ 28ನೇ ವಿಧಿ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧೆಗೆ ಕೂರಿಸುವಂತಿಲ್ಲ ಎನ್ನುತ್ತದೆ. ಅದು ನಂಬಿಕೆಗೆ ಅಡ್ಡಿಯಲ್ಲ, ಗೌರವ. ಒತ್ತಾಯದಿಂದ ಬಂದದ್ದು ಶಿಷ್ಯತ್ವವಾಗುವುದಿಲ್ಲ.

ಜಾತಿ ಬಿಟ್ಟು ಬಂದವರಿಗೆ ಕಸುಬೂ ಕೈಬಿಡುತ್ತಿತ್ತು. ಆ ಕಾರಣಕ್ಕೆ ಮಿಶನ್ ನೇಯ್ಗೆಯನ್ನು ಶುರುಮಾಡಿತು, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆಯಿತು. ಸಂಜೆ ಹೊರಡುವಾಗ ಗೋಡೆಗೆ ಒರಗಿಸಿದ್ದ ಹಳೆಯ ಹಂಚೊಂದನ್ನು ಮಗುಚಿ ನೋಡಿದೆ. ಬೆನ್ನಿನ ಮೇಲೆ ಪಾಚಿ, ಪಾಚಿಯ ನಡುವೆ ಮಿಶನ್ನಿನ ಹೆಸರಿನ ಅರ್ಧ ಅಳಿಸಿದ ಅಕ್ಷರಗಳು. ಅದೇ ಹೊತ್ತಿಗೆ ಜಗಲಿಯಲ್ಲಿ ನಾಲ್ಕೈದು ವಿದ್ಯಾರ್ಥಿಗಳು ಭಾನುವಾರದ ಕೀರ್ತನೆ ಅಭ್ಯಾಸ ಮಾಡುತ್ತಿದ್ದರು. ಒಬ್ಬ ತಪ್ಪಿದಲ್ಲಿ ಎಲ್ಲರೂ ನಿಂತು ಮತ್ತೆ ಮೊದಲಿನಿಂದ ಎತ್ತಿಕೊಂಡರು.

1965ರಲ್ಲಿ ತುಮಕೂರಿನ ಸೆಮಿನರಿ ಬಲ್ಮಠದ್ದರೊಂದಿಗೆ ಕೂಡಿ ಇಂದಿನ ಕಾಲೇಜಾಯಿತು. ಅದಕ್ಕೆ ಒಂದು ವರ್ಷ ಮೊದಲು ರಾಜಮಹೇಂದ್ರಿಯಲ್ಲಿ ತೆಲುಗು ಲೂಥರನ್ನರು, ಬ್ಯಾಪ್ಟಿಸ್ಟರು ಮತ್ತಿತರ ಸಭೆಗಳವರು ಸೇರಿ ಆಂಧ್ರ ಕ್ರಿಶ್ಚಿಯನ್ ಥಿಯಲಾಜಿಕಲ್ ಕಾಲೇಜು ಕಟ್ಟಿದ್ದರು. ಮುಂದೆ ಅದು ಹೈದರಾಬಾದಿನ ಗಾಂಧಿನಗರಕ್ಕೆ ಹೋಯಿತು. ಅಲ್ಲಿ ತೆಲುಗು, ಇಲ್ಲಿ ಕನ್ನಡ; ಎರಡೂ ಕಡೆ ಸಭೆಗಳು ತಮ್ಮ ತಮ್ಮ ಬೇಲಿ ದಾಟಿ ಒಂದೇ ತರಗತಿಯಲ್ಲಿ ಕೂತವು.

ಕಾಲೇಜಿನ ಪತ್ರಾಗಾರದಲ್ಲಿ ಹಳೆಯ ಪುಸ್ತಕಗಳಿವೆ, ತಾಳೆಗರಿಗಳಿವೆ. ಮಿಶನರಿಗಳು ಬಾಸೆಲ್‌ಗೆ ಬರೆದ ವರದಿಗಳೂ ರಾಶಿರಾಶಿಯಾಗಿ ಉಳಿದಿವೆ. ಅವೆಲ್ಲ ಹೆಚ್ಚಾಗಿ ಗುರುಗಳ ಬರಹ. ಶಿಷ್ಯರ ಕೈಬರಹ ಮನೆಗಳಲ್ಲಿ ಉಳಿದಿರಬೇಕು. ಮಂಗಳೂರು, ಉಡುಪಿ, ಮೂಲ್ಕಿ, ಕಾಸರಗೋಡು, ಧಾರವಾಡ, ಬೆಟಗೇರಿಯ ಹಳೆಯ ಮಿಶನ್ ಮನೆಗಳವರೇ, ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜನ ಶಾಲೆಯ ಪುಸ್ತಕವೋ ಅಜ್ಜಿಯ ದೃಢೀಕರಣದ ಪತ್ರವೋ ಇದ್ದರೆ ರದ್ದಿಗೆ ಹಾಕಬೇಡಿ. ಬಲ್ಮಠಕ್ಕೆ ತಂದು ಕೊಡಿ.