ಚೆಂಡು ಬಿಟ್ಟ ಮೇಲೆ ಭುಜಕ್ಕೇನಾಗುತ್ತದೆ?

ಅರಸೀಕೆರೆ ತಾಲ್ಲೂಕಿನ ಗಂಡಸಿ, ಜಾವಗಲ್, ಬಾಣಾವರಗಳ ಕಡೆ ತೆಂಗಿನ ತೋಟಗಳ ನಡುವೆ ಒಂದಿಷ್ಟು ಬಯಲು ಸಿಕ್ಕಿದರೂ ಸಾಕು, ಸಂಜೆಯ ಹೊತ್ತಿಗೆ ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಿರುವುದನ್ನು ಕಾಣಬಹುದು. ಅವರಲ್ಲಿ ಬೌಲರನಾದವನಿಗೆ ಒಂದೇ ಆಸೆ; ಚೆಂಡು ಇನ್ನೂ ವೇಗವಾಗಿ ಹೋಗಬೇಕು. ಈ ಆಸೆಗೆ ಈ ನೆಲದಲ್ಲಿ ಒಂದು ವಿಶೇಷ ಕಾರಣವೂ ಉಂಟು. ಭಾರತ ಕಂಡ ಅತಿ ವೇಗದ ಬೌಲರುಗಳಲ್ಲಿ ಒಬ್ಬರಾದ ಶ್ರೀನಾಥರು ಮೈಸೂರಿನಲ್ಲಿ ಹುಟ್ಟಿದವರಾದರೂ ಅವರ ಹೆಸರಿಗೆ ಮೊದಲು ನಿಂತಿರುವ ಜಾವಗಲ್, ಗಂಡಸಿಯಂತೆಯೇ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿಯ ಊರು.

1996ರ ನವೆಂಬರಿನಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕದ ತಂಡಕ್ಕೆ ಗೆಲ್ಲಲು ಕೇವಲ 170 ಓಟಗಳು ಬೇಕಾಗಿದ್ದುವು. ಶ್ರೀನಾಥರು 21 ಓಟಗಳನ್ನಿತ್ತು 6 ವಿಕೆಟ್ ಕಿತ್ತರು. ಎದುರಾಳಿಗಳ ಆಟ 105ಕ್ಕೆ ಮುಗಿದುಹೋಯಿತು. ಇದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, 1997ರ ಮಾರ್ಚಿಯಲ್ಲಿ, ಅದೇ ಬಲಭುಜ ಕೈಕೊಟ್ಟಿತು. ವೆಸ್ಟ್ ಇಂಡೀಸಿನ ಟೆಸ್ಟ್ ಸರಣಿ ಅವರಿಲ್ಲದೆಯೇ ನಡೆಯಿತು. ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ಆಗ ಅವರಿಗೆ 27 ವರ್ಷ, ವೇಗದ ಬೌಲರನಿಗೆ ತುಂಬು ಪ್ರಾಯ. ಬಿದ್ದದ್ದಲ್ಲ, ಡಿಕ್ಕಿ ಹೊಡೆದದ್ದಲ್ಲ, ಹೊರಗಿನಿಂದ ಯಾವ ಏಟೂ ತಗುಲಿದ್ದಲ್ಲ. ಹಾಗಾದರೆ ಬಲಿಷ್ಠವಾದ ಒಂದು ಭುಜ ತನ್ನ ಕೆಲಸವನ್ನು ಮಾಡುತ್ತಲೇ ಹರಿದುಹೋಗುವುದು ಹೇಗೆ?

ಮೊದಲು ಭುಜದ ರಚನೆಯನ್ನು ನೋಡೋಣ. ತೊಡೆಯ ಎಲುಬಿನ ತಲೆಯು ಸೊಂಟದ ಕುಳಿಯಲ್ಲಿ, ಒರಳಿನಲ್ಲಿ ಗುಂಡು ಕುಳಿತಂತೆ, ಆಳವಾಗಿ ಕುಳಿತಿರುತ್ತದೆ. ಭುಜದಲ್ಲಿ ಹಾಗಿಲ್ಲ. ಅಲ್ಲಿನ ಕುಳಿ ತೀರ ಚಿಕ್ಕದು, ತೀರ ಆಳವಿಲ್ಲದ್ದು. ಶಾಲೆಯ ಆಟೋಟದ ದಿನ ಚಮಚದ ಮೇಲೆ ನಿಂಬೆಹಣ್ಣಿಟ್ಟುಕೊಂಡು ಓಡುತ್ತಾರಲ್ಲ, ತೋಳಿನ ಎಲುಬಿನ ತಲೆ ಭುಜದ ಕುಳಿಯಲ್ಲಿ ನಿಂತಿರುವ ರೀತಿ ಹೆಚ್ಚುಕಡಮೆ ಅಂಥದು. ಕೈಯನ್ನು ಹಿಂದೆ, ಮುಂದೆ, ಮೇಲೆ, ಸುತ್ತ ತಿರುಗಿಸಬಲ್ಲೆವಲ್ಲ, ಆ ಸ್ವಾತಂತ್ರ್ಯಕ್ಕಾಗಿ ಶರೀರವು ತೆತ್ತಿರುವ ಬೆಲೆ ಇದು. ನಿಂಬೆಹಣ್ಣು ಚಮಚದಿಂದ ಜಾರದಂತೆ ಹಿಡಿದಿರುವುದು ಹೆಗಲ ಹಲಗೆಯಿಂದ ಹೊರಟು ತೋಳೆಲುಬಿನ ತಲೆಯನ್ನು ಸುತ್ತುವರಿದು ಅಂಟಿಕೊಂಡಿರುವ ನಾಲ್ಕು ಸಣ್ಣ ಸ್ನಾಯುಗಳು ಮತ್ತು ಅವುಗಳ ರಜ್ಜುಗಳು. ಅಂಗಿಯ ತೋಳಿನ ಪಟ್ಟಿಯಂತೆ ಸುತ್ತಿಕೊಂಡಿರುವುದರಿಂದ ಇವನ್ನು ವೈದ್ಯರು ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಶ್ರೀನಾಥರಲ್ಲಿ ಘಾಸಿಯಾದದ್ದು ಈ ಪಟ್ಟಿಯೇ.

ಇನ್ನು ಲೆಕ್ಕ. ಓದುಗರು ಹೆದರಬೇಕಾದುದಿಲ್ಲ; ಪ್ರೌಢಶಾಲೆಯ ಗಣಿತವೇ ಸಾಕು. ಒಂದು ಕೈಯ ದ್ರವ್ಯರಾಶಿ ಶರೀರದ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. 80 ಕಿಲೋಗ್ರಾಮಿನ ಆಟಗಾರನ ಕೈ 4 ಕಿಲೋಗ್ರಾಂ ಎಂದಾಯಿತು. ಅದರ ಗುರುತ್ವಕೇಂದ್ರವು ಭುಜದಿಂದ ಸುಮಾರು 33 ಸೆಂಟಿಮೀಟರ್ ದೂರದಲ್ಲಿರುತ್ತದೆ. ಚೆಂಡು ಬಿಡುವ ಕ್ಷಣದಲ್ಲಿ ಕೈಯು ಸೆಕೆಂಡಿಗೆ ನಾಲ್ಕು ಸುತ್ತಿನ ವೇಗದಲ್ಲಿ, ಎಂದರೆ ಸೆಕೆಂಡಿಗೆ 25 ರೇಡಿಯನ್ ಕೋನವೇಗದಲ್ಲಿ ಬೀಸುತ್ತಿದೆಯೆಂದು ಇಟ್ಟುಕೊಳ್ಳೋಣ. ಚೆಂಡಿನ ಉಳಿದ ವೇಗ ಓಟದಿಂದಲೂ ಮೈಯ ತಿರುವಿನಿಂದಲೂ ಮಣಿಕಟ್ಟಿನಿಂದಲೂ ಬರುತ್ತದೆ. ದ್ರವ್ಯರಾಶಿಯನ್ನು ಕೋನವೇಗದ ವರ್ಗದಿಂದಲೂ ತ್ರಿಜ್ಯದಿಂದಲೂ ಗುಣಿಸಿದರೆ ಕೇಂದ್ರಾಭಿಮುಖ ಬಲ ದೊರೆಯುತ್ತದೆ. 4 × 625 × 0.33, ಸುಮಾರು 825 ನ್ಯೂಟನ್. ಅಂಗೈಯಲ್ಲಿರುವ 160 ಗ್ರಾಮಿನ ಚೆಂಡಿಗೆ ಇನ್ನೊಂದು 75 ನ್ಯೂಟನ್. ಒಟ್ಟು 900. ಆಟಗಾರನು ಮರದ ಕೊಂಬೆಗೆ ಒಂದೇ ಕೈಯಿಂದ ಜೋತುಬಿದ್ದರೆ ಭುಜದ ಮೇಲೆ ಬೀಳುವ ಎಳೆತಕ್ಕಿಂತಲೂ ಇದು ಹೆಚ್ಚು. ಇದು ಸ್ಥೂಲವಾದ ಲೆಕ್ಕವೇ ಹೌದು, ಆದರೆ ಅಳತೆಯ ಪ್ರಮಾಣ ಮನದಟ್ಟಾಗಲು ಸಾಕು.

ಬಹು ಜನರು ಇಷ್ಟಕ್ಕೇ ನಿಲ್ಲಿಸಿ, ಎಸೆಯುವ ಶ್ರಮವೇ ಭುಜವನ್ನು ಕೆಡಿಸುತ್ತದೆಂದು ಭಾವಿಸುತ್ತಾರೆ. ನಿಜವಾದ ಕಷ್ಟ ಇರುವುದು ಚೆಂಡು ಹೋದ ಮೇಲೆ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಹೊರಟ ಚೆಂಡು ಸುಮಾರು 120 ಜೂಲ್ ಚಲನಶಕ್ತಿಯನ್ನು ಹೊತ್ತು ದಾಂಡಿಗನ ಕಡೆ ಹೋಗುತ್ತದೆ. ಅದರ ಚಿಂತೆ ದಾಂಡಿಗನಿಗಿರಲಿ. ಬೀಸುತ್ತಿರುವ ಕೈ ಮಾತ್ರ ಬೌಲರನ ಬಳಿಯಲ್ಲಿಯೇ ಉಳಿಯಿತು. ಆ ಕೈಯಲ್ಲಿ ಉಳಿದ ಚಲನಶಕ್ತಿಯನ್ನು ಲೆಕ್ಕ ಹಾಕಿ ನೋಡಿದರೆ ಸುಮಾರು 190 ಜೂಲ್ ಬರುತ್ತದೆ. ಚೆಂಡು ಒಯ್ದದ್ದಕ್ಕಿಂತ ಕೈಯಲ್ಲಿ ಉಳಿದದ್ದೇ ಹೆಚ್ಚು! ಇದನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ತಡೆದು ನಿಲ್ಲಿಸಬೇಕು. ಎಂದರೆ 1,900 ವಾಟ್, ಎರಡೂವರೆ ಅಶ್ವಶಕ್ತಿ. ತೋಟದ ಬಾವಿಗೆ ಇಡುವ ಒಂದು ಸಣ್ಣ ಪಂಪಿನಷ್ಟು. ಬೌಲರನು ಚೆಂಡು ಬಿಟ್ಟ ಮೇಲೆ ಮೈಬಾಗಿಸಿ, ಕೈಯನ್ನು ಎದುರು ಸೊಂಟದ ಕಡೆಗೆ ಬೀಸಿ, ನಾಲ್ಕಾರು ಹೆಜ್ಜೆ ಮುಂದೆ ಓಡುವುದು ಅಲಂಕಾರಕ್ಕಲ್ಲ. ತಡೆಯುವ ಹೊರೆಯನ್ನು ಬೆನ್ನಿಗೂ ಕಾಲಿಗೂ ಹಂಚುವ ಉಪಾಯ ಅದು. ಹಂಚಿ ಮಿಕ್ಕದ್ದೆಲ್ಲ ಭುಜದ ಹಿಂಭಾಗದ ಆ ಸಣ್ಣ ಸ್ನಾಯುಗಳ ಪಾಲಿಗೆ. ಅವು ಹಿಗ್ಗುತ್ತ ಹಿಗ್ಗುತ್ತಲೇ ಬಿಗಿಯಬೇಕು, ಇಳಿಜಾರಿನಲ್ಲಿ ಗಾಡಿಯನ್ನು ಹಿಂದಿನಿಂದ ಹಗ್ಗ ಹಿಡಿದು ತಡೆಯುವವನಂತೆ.

ಕಲ್ಲು ಕೈಯಲ್ಲಿದೆಯೆಂದು ಭ್ರಮಿಸಿ ಬರಿಗೈಯನ್ನು ಬೀಸಿ ಎಸೆದವರಿಗೆ ಈ ಮಾತಿನ ಸತ್ಯ ಗೊತ್ತಿದೆ, ಭುಜ ಚುರುಕ್ಕೆನ್ನುತ್ತದೆ. ಒಯ್ಯುವ ಕಲ್ಲಿಲ್ಲದ ಕಾರಣ ಶಕ್ತಿಯೆಲ್ಲ ಕೈಯಲ್ಲೇ ಉಳಿಯಿತು. ನಮ್ಮೂರುಗಳ ಟೆನಿಸ್ ಚೆಂಡಿನ ಪಂದ್ಯಗಳಲ್ಲಿ, "ಹಗುರ ಚೆಂಡು ತಾನೆ, ಎಷ್ಟು ಓವರ್ ಹಾಕಿದರೇನು?" ಎಂಬ ಮಾತು ಸಾಮಾನ್ಯ. ಟೆನಿಸ್ ಚೆಂಡಿನ ತೂಕ 60 ಗ್ರಾಮನ್ನೂ ಮುಟ್ಟದು ನಿಜ. ಆದರೆ ತಡೆಯಬೇಕಾದುದು ಚೆಂಡನ್ನಲ್ಲ, ನಾಲ್ಕು ಕಿಲೋಗ್ರಾಮಿನ ಕೈಯನ್ನು. ಹಗುರ ಚೆಂಡು ಶಕ್ತಿಯಲ್ಲಿ ಸ್ವಲ್ಪ ಪಾಲನ್ನೇ ಒಯ್ಯುತ್ತದೆ, ಭುಜದ ಪಾಲಿಗೆ ಉಳಿಯುವುದು ಕಡಮೆಯಾಗುವುದಿಲ್ಲ.

ಇಲ್ಲೊಂದು ತಮಾಷೆಯ ಲೆಕ್ಕವನ್ನು ಹೇಳಿಬಿಡೋಣ. ಶ್ರೀನಾಥರು ಟೆಸ್ಟುಗಳಲ್ಲಿ 15,104, ಏಕದಿನ ಪಂದ್ಯಗಳಲ್ಲಿ 11,935 ಚೆಂಡುಗಳನ್ನು ಎಸೆದರು. ಪ್ರತಿ ಸಲವೂ 190 ಜೂಲಿನಂತೆ ತಡೆದರೂ ಒಟ್ಟು ಮೊತ್ತ ಸುಮಾರು 51 ಲಕ್ಷ ಜೂಲ್. ಇಷ್ಟು ಶಕ್ತಿ ಮುದ್ದೆ, ಅನ್ನಗಳ ಎರಡು ಮೂರು ಊಟಗಳಲ್ಲಿ ದೊರೆಯುತ್ತದೆ. ಭುಜವನ್ನು ಕೆಡಿಸುವುದು ಶಕ್ತಿಯ ಮೊತ್ತವಲ್ಲ, ಅದು ಬಂದೆರಗುವ ತ್ವರೆ.

ಸ್ನಾಯುರಜ್ಜು ಎಂಬುದು ತೆಂಗಿನ ನಾರಿನ ಹಗ್ಗವಿದ್ದಂತೆ. ನಾರು ಸೇರಿ ಎಳೆ, ಎಳೆ ಸೇರಿ ಹುರಿ, ಹುರಿ ಸೇರಿ ಹಗ್ಗ. ರಜ್ಜುವಿನ ನಾರಿನ ಹೆಸರು ಕೊಲಾಜೆನ್. ನೂರಕ್ಕೆ ಸುಮಾರು 4 ಭಾಗದವರೆಗೆ ಹಿಗ್ಗಿದರೆ ಅದು ಮತ್ತೆ ಮೊದಲಿನಂತಾಗುತ್ತದೆ. ಆ ಮಿತಿ ಮೀರಿದರೆ ಅಲ್ಲೊಂದು ಇಲ್ಲೊಂದು ನಾರು ತುಂಡಾಗತೊಡಗುತ್ತದೆ. ಹಗ್ಗ ಹೊರಗೆ ನೆಟ್ಟಗೇ ಇರುತ್ತದೆ. ಆಟಗಾರನಿಗೆ ಸಂಜೆ ಸ್ವಲ್ಪ ನೋವು, ಬೆಳಗ್ಗೆ ಮಾಯ. ವಿಶ್ರಾಂತಿ ದೊರೆತರೆ ಶರೀರವು ಹೊಸ ನಾರು ಹೊಸೆಯುತ್ತದೆ. ಆದರೆ ರಜ್ಜುವಿನಲ್ಲಿ ರಕ್ತಸಂಚಾರ ಕಡಮೆಯಾದುದರಿಂದ ಆ ಕೆಲಸ ಬಹು ನಿಧಾನ. ಹೊಸೆಯುವ ವೇಗಕ್ಕಿಂತ ಹರಿಯುವ ವೇಗ ಹೆಚ್ಚಾದರೆ, ಒಂದು ದಿನ ಸಾಧಾರಣವಾದ ಒಂದು ಚೆಂಡಿಗೇ ಹಗ್ಗ ಹರಿಯುತ್ತದೆ.

ಈ ನಿಧಾನಕ್ಕೆ ಒಬ್ಬರೇ ಆಟಗಾರರಲ್ಲಿ ಒಳ್ಳೆಯ ಉದಾಹರಣೆ ದೊರೆಯುತ್ತದೆ. ಅನಿಲ್ ಕುಂಬ್ಳೆಯವರ ಹೆಸರೂ ಒಂದು ಊರಿನದೇ, ಕಾಸರಗೋಡಿನ ಕುಂಬಳೆ. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಮರ್ವಿನ್ ಡಿಲನ್ನರ ಚೆಂಡು ತಗುಲಿ ಅವರ ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರು ಎಸೆದು ಬ್ರಯನ್ ಲಾರಾರನ್ನು ಔಟ್ ಮಾಡಿದ ಆ ಚಿತ್ರವನ್ನು ನೋಡದವರಿಲ್ಲ. ಆದರೂ ಅದೇ ಜುಲೈಯಲ್ಲಿ ಅವರು ಲಾರ್ಡ್ಸ್ ಮೈದಾನದಲ್ಲಿ ಆಡುತ್ತಿದ್ದರು. ಅದಕ್ಕೆ ಮೊದಲು, 2001ರ ಆರಂಭದಲ್ಲಿ, ಅವರ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಹೊರಗೆ ಕಾಣಿಸದ ಆ ಗಾಯಕ್ಕಾಗಿ ಅವರು ಆಸ್ಟ್ರೇಲಿಯದ ವಿರುದ್ಧದ ಪ್ರಸಿದ್ಧ ಸರಣಿಯನ್ನೇ ಕಳೆದುಕೊಂಡರು. ಭಾರತಕ್ಕಾಗಿ ಮತ್ತೆ ಆಡಿದ್ದು ಅಕ್ಟೋಬರಿನಲ್ಲಿ. ಎಲುಬಿಗೆ ರಕ್ತ ಧಾರಾಳ. ಮುರಿದ ಕಡೆ ಅದು ಎಲುಬಾಗಿಯೇ ಕೂಡಿಕೊಳ್ಳುತ್ತದೆ. ಹೊಲಿದ ರಜ್ಜು ಮೊದಲು ಕೂಡುವುದು ಅಡ್ಡಾದಿಡ್ಡಿಯಾದ ನಾರಿನಿಂದ. ಆ ನಾರು ಎಳೆತದ ದಿಕ್ಕಿಗೆ ಸಾಲಾಗಿ ಹೊಂದಿಕೊಳ್ಳಲು ತಿಂಗಳುಗಳು, ಕೆಲವರಲ್ಲಿ ವರ್ಷವೇ ಬೇಕು. ಮೊದಲ ಆರು ವಾರ ಕೈ ಜೋಲಿಯಲ್ಲಿ. ಬಳಿಕ ಬೇರೊಬ್ಬರು ಎತ್ತಿ ಇಳಿಸುವುದು, ತಾನೇ ಎತ್ತುವುದು, ಅನಂತರ ಸಣ್ಣ ಭಾರ, ಅದೆಲ್ಲ ಮುಗಿದ ಮೇಲೆ ಮೆಲ್ಲನೆಯ ಎಸೆತ. ಅವಸರಪಟ್ಟವನು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಈ ತಿಂಗಳುಗಳಲ್ಲಿ ಮನಸ್ಸಿಗೆ ಏನಾಗುತ್ತದೆ? ಶ್ರೀನಾಥರ ಮನಸ್ಸನ್ನು ನಾವು ಊಹಿಸಿ ಬರೆಯುವುದು ಉಚಿತವಲ್ಲ. ಗಾಯಗೊಂಡ ಆಟಗಾರರಲ್ಲಿ ವೈದ್ಯರು ಸಾಮಾನ್ಯವಾಗಿ ಕಂಡಿರುವುದನ್ನು ಹೇಳಬಹುದು. ಮೊದಲು ನಂಬಲಾರದ ಸ್ಥಿತಿ, ಆಮೇಲೆ ಸಿಟ್ಟು, ನಿದ್ರೆ ಕೆಡುವುದು, ಯಾರೊಡನೆಯೂ ಬೆರೆಯದೆ ಕೂರುವುದು, ಕೆಲವರಲ್ಲಿ ಆಳವಾದ ಖಿನ್ನತೆ. ಇದರಲ್ಲಿ ಆಶ್ಚರ್ಯವಿಲ್ಲ. ಹನ್ನೆರಡನೆಯ ವಯಸ್ಸಿನಿಂದ "ನೀನು ಯಾರು?" ಎಂದರೆ "ಬೌಲರ್" ಎಂದು ಉತ್ತರಿಸಿದವನಿಗೆ ಆ ಉತ್ತರವೇ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ದಿನದ ಕ್ರಮ ತಪ್ಪುತ್ತದೆ. ತನ್ನ ಸ್ಥಾನದಲ್ಲಿ ಮತ್ತೊಬ್ಬನು ಓಡಿಬಂದು ಬೌಲ್ ಮಾಡುವುದನ್ನು ಕುಳಿತು ನೋಡಬೇಕು. ಅವನು ಗೆದ್ದರೆ ಸಂತೋಷಪಡಬೇಕು. ನಮ್ಮಲ್ಲಿ ಇದನ್ನು ಮನೋದೌರ್ಬಲ್ಯವೆಂದು ತಳ್ಳಿಹಾಕುವ ರೂಢಿಯಿದೆ. ನಮ್ಮ ಅಭಿಪ್ರಾಯದಲ್ಲಿ ಅದು ಗಾಯದ್ದೇ ಒಂದು ಭಾಗ. ಏಕೆಂದರೆ ಮನಸ್ಸಿನ ಕ್ಲೇಶ ಗಾಯದ ಮೇಲೆಯೇ ತಿರುಗಿ ಬೀಳುತ್ತದೆ.

ಅಮೆರಿಕದ ಒಹಾಯೊ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ ಮರೂಚ ಮತ್ತು ಅವರ ಸಂಗಡಿಗರು ನಡೆಸಿ 1998ರಲ್ಲಿ ಪ್ರಕಟಿಸಿದ ಪ್ರಯೋಗ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾದೀತು. ದಂತವೈದ್ಯ ಓದುತ್ತಿದ್ದ 11 ವಿದ್ಯಾರ್ಥಿಗಳ ಅಂಗುಳಿನಲ್ಲಿ ಒಂದೇ ಅಳತೆಯ ಪುಟ್ಟ ಗಾಯವನ್ನು ಎರಡು ಸಲ ಮಾಡಿದರು. ಒಮ್ಮೆ ಬೇಸಗೆಯ ರಜೆಯಲ್ಲಿ, ಒಮ್ಮೆ ಪರೀಕ್ಷೆಗೆ ಮೂರು ದಿನ ಮುಂಚೆ. ಪರೀಕ್ಷೆಯ ಕಾಲದ ಗಾಯ ಮಾಯಲು ಸರಾಸರಿ ಮೂರು ದಿನ, ಎಂದರೆ ನೂರಕ್ಕೆ 40ರಷ್ಟು, ಹೆಚ್ಚು ಹಿಡಿಯಿತು. ರಜೆಯಲ್ಲಿ ಮಾದಷ್ಟು ಬೇಗ ಪರೀಕ್ಷೆಯಲ್ಲಿ ಮಾದವರು ಒಬ್ಬರೂ ಇರಲಿಲ್ಲ. ಕಳವಳದಲ್ಲಿ ಸ್ರವಿಸುವ ಕಾರ್ಟಿಸಾಲ್ ಮುಂತಾದ ರಸಗಳು ಗಾಯ ದುರಸ್ತಿಯ ಮೊದಲ ಹಂತವನ್ನೇ ತಗ್ಗಿಸುತ್ತವೆ. ಹಾಗಿರುವಾಗ ತಿಂಗಳುಗಟ್ಟಲೆ ನಿದ್ರೆಯಿಲ್ಲದೆ ತನ್ನ ಭವಿಷ್ಯವನ್ನೇ ಯೋಚಿಸುತ್ತಿರುವವನ ಭುಜ?

ಅದೇ ಮನಸ್ಸು ನೆರವಾಗಲೂ ಬಲ್ಲದು. 2014ರಲ್ಲಿ ಕ್ಲಾರ್ಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಆರೋಗ್ಯವಂತರ ಮಣಿಕಟ್ಟಿಗೆ ನಾಲ್ಕು ವಾರ ಪಟ್ಟು ಹಾಕಿದ್ದರು. ಸುಮ್ಮನೆ ಕುಳಿತವರು ಮಣಿಕಟ್ಟಿನ ಬಲದಲ್ಲಿ ನೂರಕ್ಕೆ 45 ಭಾಗ ಕಳೆದುಕೊಂಡರು. ಮಣಿಕಟ್ಟನ್ನು ಬಲವಾಗಿ ಬಾಗಿಸುತ್ತಿರುವಂತೆ ಕ್ರಮವಾಗಿ ಕಲ್ಪಿಸಿಕೊಂಡವರಲ್ಲಿ ನಷ್ಟ 24 ಭಾಗ ಮಾತ್ರ. ಬಲವು ಸ್ನಾಯುವಿನ ಗಾತ್ರದಲ್ಲಿ ಮಾತ್ರ ಇಲ್ಲ, ಅದಕ್ಕೆ ಆಜ್ಞೆ ಕೊಡುವ ಮೆದುಳಿನಲ್ಲೂ ಇದೆ. ಮೆದುಳಿಗೆ ನೋವಿನ ನೆನಪೂ ಉಂಟು. ಗಾಯ ಪೂರ್ತಿ ಮಾದ ಮೇಲೂ ಅದು ಕೈಯನ್ನು ಕೊನೆಯ ಗಳಿಗೆಯಲ್ಲಿ ಹಿಡಿದು ಜಗ್ಗುತ್ತದೆ. ಬೌಲರನಿಗೆ ತಿಳಿಯದೆಯೇ ವೇಗ ಇಳಿಯುತ್ತದೆ. ಈ ಭಯವನ್ನು ಕಳೆಯಲು ಉಪದೇಶ ಸಾಲದು. ನೋವಿಲ್ಲದೆ ಎಸೆದ ನೂರಾರು ಚೆಂಡುಗಳೇ ಬೇಕು.

ಹೈಸ್ಕೂಲಿನ ಓದುಗರಿಗೆ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ತೋಳಿನ ಎಲುಬು ಉದ್ದ ಬೆಳೆಯುವುದು ಬಹುಪಾಲು ಭುಜದ ಕಡೆಯ ತುದಿಯಲ್ಲಿರುವ ಮೃದ್ವಸ್ಥಿಯ ಪದರದಲ್ಲಿ. ಹದಿನೇಳು ಹದಿನೆಂಟು ವರ್ಷದವರೆಗೂ ಆ ಪದರ ಗಟ್ಟಿಯಾಗಿರುವುದಿಲ್ಲ. ದೊಡ್ಡವರಲ್ಲಿ ರಜ್ಜು ಹರಿಯುವಂಥ ದುಡಿತದಲ್ಲಿ ಹುಡುಗರಲ್ಲಿ ಈ ಪದರವೇ ಘಾಸಿಗೊಳ್ಳಬಹುದು. ಆ ಮಗ್ಗುಲಿಗೆ ಮಲಗಿದರೆ ರಾತ್ರಿ ನೋವು, ಕೈಯನ್ನು ಪಕ್ಕದಿಂದ ಮೇಲೆತ್ತುವಾಗ ನಡುವೆ ಮಾತ್ರ ಚುಚ್ಚುವ ನೋವು, ವಾರ ಕಳೆದರೂ ಹೋಗದ ನೋವು, ಇವು ಎಣ್ಣೆ ತಿಕ್ಕಿ ಆಟ ಮುಂದುವರಿಸುವ ನೋವುಗಳಲ್ಲ. ಗಂಡಸಿಯ ಹುಡುಗನು ಪಂದ್ಯದ ಹಿಂದಿನ ದಿನ ಇದನ್ನು ತಂಡದವರಿಂದ ಮುಚ್ಚಿಡುವುದುಂಟು. ಸ್ಥಾನ ಹೋದೀತೆಂಬ ಭಯ ಅವನಿಗೂ ಇದೆ. ತಂಡದ ನಾಯಕನು ಮೊದಲು ತಾನೇ ಕೇಳುವುದು ಮೇಲು.

ಶ್ರೀನಾಥರು 1997ರ ನವೆಂಬರಿನಲ್ಲಿ ಶ್ರೀಲಂಕದ ಎದುರು ಟೆಸ್ಟ್ ಆಟಕ್ಕೆ ಮರಳಿದರು. 1999ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಸರದಿಯಲ್ಲಿ 46 ಓಟಗಳಿಗೆ 5, ಎರಡನೆಯದರಲ್ಲಿ 86 ಓಟಗಳಿಗೆ 8, ಒಟ್ಟು 13 ವಿಕೆಟ್ ಪಡೆದರು. ಹೊಲಿಗೆ ಹಾಕಿದ ಭುಜವೇ ಅದು. ಪಂದ್ಯವನ್ನು ಮಾತ್ರ ಭಾರತ 46 ಓಟಗಳಿಂದ ಸೋತಿತು.